ಒರಗಿ ಮಲಗುವವರು

ಫ್ಯಾನು ತಿರುಗುತ್ತದೆ, ಗಾಳಿಯಿಲ್ಲ, ಫಿನಾಯಿಲ್ ವಾಸನೆಯನ್ನೇ ಕಲಕಿ ಕಲಕಿ ಮುಖಕ್ಕೆ ಹಾಕುತ್ತದೆ — ಅವ್ವ ಬೆಳಿಗ್ಗೆ ಒರೆಸಿದ ನೆಲ ಇದು, ಈಗ ಇದೇ ನೆಲದ ಮೇಲೆ ಆಸ್ಪತ್ರೆಯ ಆಯಾಗಳ ಸಾಲಿನಲ್ಲಿ ಮಂಚಮ್ಮನ ಹಿಂದೆ ನಿಂತಿದ್ದಾಳೆ, ನನ್ನನ್ನು ನೋಡದೆ, ಮೇಜಿನ ಈಚೆ ನಾನು, ಪಕ್ಕದಲ್ಲಿ ಮೈಸೂರಿನ ಡಾಕ್ಟರು. ರೋಗಿಗಳದ್ದು ಮುಗಿಯಿತು, ಇವತ್ತು ಕೆಲಸದವರದ್ದು. ಎದೆಯ ಕಾಯಿಲೆಯವರು ಹೇಗೆ ಮಲಗುತ್ತಾರೆ, ಅವರನ್ನು ನೋಡಿಕೊಳ್ಳುವವರಿಗೆ ನಿದ್ದೆ ಬರುತ್ತದೆಯೇ, ಇದೇ ಡಾಕ್ಟರ ಸಂಶೋಧನೆ, ಕೇಳುವ ಕೆಲಸ ನನ್ನದು — ಬಿ.ಎಸ್ಸಿ. ಮುಗಿಸಿ ಡೈರಿಯ ಹೊರತು ಯಾರೊಂದಿಗೂ ಮಾತಾಡದೆ ಕೂತಿದ್ದವಳಿಗೆ ಅವ್ವನೇ ಮ್ಯಾನೇಜರು ಶಿವಣ್ಣನವರಿಗೆ ಹೇಳಿ ಕೊಡಿಸಿದ್ದು, ನಮ್ ಹುಡ್ಗಿ ಓದವ್ಳೆ ಸಾ, ಬಾಯಿಲ್ಲ ಅಷ್ಟೇಯ.

ಬಾಯಿ ಬಂತಲ್ಲ, ಶೀಳನೆರೆಯ ಹೊನ್ನಪ್ಪನ ಮುಂದೆ ಬಂತು, ಆಲೆಮನೆ ಒಲೆಗೆ ಕಬ್ಬಿನ ಸಿಪ್ಪೆ ಹಾಕಿ ಹಾಕಿ ಎದೆ ತುಂಬ ಹೊಗೆ ಕುಡಿದ ಮುದುಕ, ಎಷ್ಟು ದಿಂಬು ಇಟ್ಟುಕೊಂಡು ಮಲಗುತ್ತೀರಿ ಎಂದರೆ, ದಿಂಬಾ, ದಿಂಬೇ ಇಲ್ಲ ಕಣವ್ವ ಅಂದ, ದಿಂಬು ಹೆಚ್ಚಿದಷ್ಟೂ ಎದೆ ಕೆಟ್ಟಿದೆ ಎಂಬುದು ಡಾಕ್ಟರ ಲೆಕ್ಕ, ಹಾಗಾದರೆ ತೊಂದರೆಯಿಲ್ಲ ಎಂದು ಬರೆಯಹೊರಟರು, ನಾನು ಮೆಲ್ಲಗೆ, ಒರಗಿಕೊಳ್ಳೋದು ಯಾವುದಕ್ಕೆ ತಾತ. ರಾಗಿ ಮೂಟೆಗೆ, ಮೂಟೆ ಖಾಲಿಯಾದ್ರೆ ಗೋಡೆಗೆ, ಮಲಿಕ್ಕಂಡ್ರೆ ಉಸ್ರು ಎಲ್ಲವ್ವ ಬತ್ತದೆ. ಸರಿ, ಇನ್ನು ಎಲ್ಲರಿಗೂ ಹೀಗೇ ಕೇಳಮ್ಮ ಎಂದರು ಡಾಕ್ಟರು. ಅವತ್ತು ಡೈರಿ ತುಂಬ ಬರೆದೆ, ನನಗೆ ಹೇಗೆ ಗೊತ್ತಿತ್ತು ಎನ್ನುವುದನ್ನು ಮಾತ್ರ ಬರೆಯಲಿಲ್ಲ — ನಮ್ಮ ಮನೆಯ ಗೋಡೆ, ಗೋಡೆಗೆ ಒರಗಿದ ಅವ್ವ, ಕಣ್ಣು ಮುಚ್ಚಿದ್ದರೂ ಉಸಿರೆಳೆದಾಗಲೆಲ್ಲ ಕೊರಳ ಬುಡದ ಗುಳಿ ಒಳಕ್ಕೆ ಹೋಗುತ್ತದೆ, ಯಾರೋ ಬೆರಳಿಟ್ಟು ಒತ್ತಿದ ಹಾಗೆ, ಮತ್ತೆ ಮೇಲೆ, ಮತ್ತೆ ಒಳಕ್ಕೆ, ನಾನು ಹೊದಿಕೆಯೊಳಗಿಂದ ನೋಡುತ್ತಾ ನನ್ನ ಉಸಿರನ್ನೂ ಅದರ ಜೊತೆ ಎಳೆಯುತ್ತೇನೆ.

ಬೇಗ ಗೊತ್ತಾದರೆ ಔಷಧಿ ಇದೆ ಎನ್ನುತ್ತಾರೆ ಡಾಕ್ಟರು, ಆಯಾಗಳನ್ನು ಕಾಯಂ ಮಾಡ್ತೀವಿ, ಎದೆ ಸರಿಯಿಲ್ದೋರ್ನ ಮನೆಗೆ ಕಳುಸ್ತೀವಿ ಎನ್ನುತ್ತಾರೆ ಶಿವಣ್ಣನವರು, ಎರಡೂ ನಿಜ, ಎರಡರ ನಡುವೆ ಅವ್ವ, ಕೆಮ್ಮು ಬಂದರೆ ಬಚ್ಚಲಿಗೆ ಓಡಿ ನಲ್ಲಿ ಬಿಡುವವಳು, ಇವತ್ತು ಮುದ್ದೆ ಮುರಿಯುತ್ತಾ, ನಿದ್ದೆ ಚೆನ್ನಾಗ್ ಬತ್ತದೆ ಅಂತ ಬರ್ಕೊ ಕಣವ್ವ, ಕಾಯಂ ಆಗ್ಬುಡ್ಲಿ, ಆಮೇಲೆ ತೋರುಸ್ಕತೀನಿ ಅಂದಳು. ಆಮೇಲೆ ಅಂದರೆ ಯಾವಾಗವ್ವ, ಕೇಳಲಿಲ್ಲ, ನುಂಗಿದೆ, ಮುದ್ದೆಯ ಜೊತೆ.

ಮಂಚಮ್ಮ ಹೇಳುತ್ತಿದ್ದಾಳೆ, ನಿದ್ದೇನಾ, ನಿಂತ್ಕಂಡೇ ಮಾಡ್ತೀನಿ ಕಣವ್ವ, ಶಿವಣ್ಣೋರು ಬಂದಾಗ್ಲೇ ಎಚ್ಚರ ಆಗೋದು, ಸಾಲೆಲ್ಲ ನಗುತ್ತದೆ, ಅವ್ವನೂ, ನಗು ಎದೆಯಲ್ಲಿ ಸಿಕ್ಕಿಕೊಂಡು ಸೆರಗು ಬಾಯಿಗೆ ಹೋಗುತ್ತದೆ, ಡಾಕ್ಟರು ತಲೆಯೆತ್ತುತ್ತಾರೆ. ಮುಂದೆ ಯಾರು, ಚಲುವಮ್ಮ. ಅವ್ವ. ಮಲಗುವಾಗ ಯಾವುದಕ್ಕಾದರೂ ಒರಗಿಕೊಳ್ತೀರಾ — ಒರಗಿಕೊಳ್ತೀರಾ ಎಂದೆ ಅವ್ವನಿಗೆ. ಯಾತುಕ್ಕೂ ಇಲ್ಲ ಕಣ್ ಮೇಡಮ್ಮೋರೆ, ಚಾಪೆ ಮ್ಯಾಲೆ ಬಿದ್ರೆ ಕೋಳಿ ಕೂಗೋವರ್ಗೂ ಎಚ್ಚರಿಲ್ಲ. ಡಾಕ್ಟರು ಬರೆಯುತ್ತಿಲ್ಲ, ನನ್ನ ಕಡೆ ತಿರುಗಿದ್ದಾರೆ, ನೀನು ಇವರ ಮಗಳಲ್ಲವೇ, ಒಂದೇ ಮನೆಯಲ್ಲಿ ಮಲಗುವವಳು, ನೀನು ಹೇಳಮ್ಮ. ಒರಗುತ್ತಾಳೆ ಎಂದರೆ ಕೆಲಸ ಹೋಗುತ್ತದೆ, ಇಲ್ಲ ಎಂದರೆ ಅವ್ವನೇ, ಅವ್ವ ಸೆರಗು ಸರಿಸಿ ಕೊರಳು ತೆರೆದಿಟ್ಟಿದ್ದಾಳೆ, ಡಾಕ್ಟರು ನೋಡಲಿ ಎಂದೇ, ಗುಳಿ ಒಳಕ್ಕೆ ಹೋಗುತ್ತಿಲ್ಲ, ಮೇಲೆ ಬರುತ್ತಿಲ್ಲ — ಉಸಿರು ಹಿಡಿದಿದ್ದಾಳೆ, ನಾನು ಮಾತಾಡುವವರೆಗೆ ಬಿಡುವುದಿಲ್ಲ, ತುಟಿ ಕಪ್ಪಾಗುತ್ತಿದೆ, ಬೇಗ, ಏನಾದರೊಂದು, ಆ ಗುಳಿ, ಅಲುಗದ ಗುಳಿ