ಕೇಳದೆ ಒಳಬಂದವನು

ಮುಂಬಯಿಯ ಕಾಂದಿವಲಿಯ ಆ ಬಣ್ಣದ ಕಾರ್ಖಾನೆಯಲ್ಲಿ ಇದ್ದುದು ಎರಡೇ ಕಂಪ್ಯೂಟರು. ಒಂದು ಮೂರನೇ ಮಾಳಿಗೆಯ ಆಫೀಸಿನಲ್ಲಿ, ನಂಜುಂಡನ ಮೇಜಿನ ಮೇಲೆ. ಇನ್ನೊಂದು ಕೆಳಗೆ ಗೋಡೌನಿನಲ್ಲಿ, ಅಣವೀರಪ್ಪನ ಮುಂದೆ. ಮೈಸೂರಿನಲ್ಲಿ ಬಿ.ಎಸ್ಸಿ. ಮುಗಿಸಿದ್ದ ನಂಜುಂಡ ಎರಡನ್ನೂ ನೋಡಿಕೊಳ್ಳುತ್ತಿದ್ದ. ವಿಜಾಪುರದ ಕಡೆಯ ಅಣವೀರಪ್ಪ ಇಪ್ಪತ್ತು ವರ್ಷ ಅಲ್ಲಿಯೇ ಡ್ರಮ್ಮು ಹೊತ್ತವನು. ಐವತ್ತರ ಹತ್ತಿರ ಒಂದೇ ಬೆರಳಲ್ಲಿ ಟೈಪು ಕಲಿತು, ಸ್ಟಾಕು ಬರೆಯುವ ಕುರ್ಚಿಗೆ ಬಂದಿದ್ದ. ಆ ಕುರ್ಚಿಗೆಂದೇ ಹೆಂಡತಿ ನೀಲಾಬಾಯಿ ಹಳೆಯ ಇಳಕಲ್ ಸೀರೆಯಲ್ಲಿ ದಿಂಬು ಹೊಲಿದುಕೊಟ್ಟಿದ್ದಳು.

ಕೆಳಗಿನ ಯಂತ್ರ ದಿನಕ್ಕೆ ಮೂರು ಸಲ ನಿಂತುಹೋಗುತ್ತಿತ್ತು. ನಂಜುಂಡ ಐವತ್ತನಾಲ್ಕು ಮೆಟ್ಟಿಲು ಇಳಿದು ಬಂದು ಸರಿಮಾಡುವನು. ಅಣವೀರಪ್ಪ ಅರ್ಧ ರೊಟ್ಟಿ, ಶೇಂಗಾ ಚಟ್ನಿ ಮುಂದಿಡುವನು.

ತೊಂಬತ್ತೆರಡರಲ್ಲಿ, ಮೇಲೆ ಕೂತೇ ಕೆಳಗಿನ ಪರದೆ ನೋಡಿ ಅಲ್ಲಿನ ಕೆಲಸ ಮಾಡಬಹುದಾದ ಸಾಫ್ಟ್‌ವೇರು ಬಂತು. ನಂಜುಂಡ ಮೆಟ್ಟಿಲ ಪಕ್ಕದ ಪೈಪಿಗೆ ಕೇಬಲ್ ಕಟ್ಟಿ ಎರಡನ್ನೂ ಜೋಡಿಸಿದ. ಮೇಲಿನವರು ಒಳಬರುವ ಮುಂಚೆ ಕೆಳಗಿನ ಪರದೆಯಲ್ಲಿ ‘ಬರಬಹುದೇ?’ ಎಂಬ ಪ್ರಶ್ನೆ ಮೂಡುತ್ತಿತ್ತು. ಅಲ್ಲಿದ್ದವರು ಒಂದು ಕೀಲಿ ಒತ್ತಿದರಷ್ಟೇ ದಾರಿ. ಅಣವೀರಪ್ಪ ಹೆಚ್ಚು ಹೊತ್ತು ಡ್ರಮ್ಮುಗಳ ನಡುವೆ ಇರುತ್ತಿದ್ದ. ಕಾದು ಕಾದು ಬೇಸತ್ತ ನಂಜುಂಡ ಮೂರನೆಯ ದಿನ ಆ ಪ್ರಶ್ನೆಯನ್ನೇ ತೆಗೆದುಹಾಕಿದ. ಅಣವೀರಪ್ಪನಿಗೆ ನಾಳೆ ಹೇಳಿದರಾಯಿತು ಅಂದುಕೊಂಡ. ಇಳಿಯುವ ಕೆಲಸವೇ ತಪ್ಪಿದ ಮೇಲೆ ಆ ನಾಳೆ ಬರಲಿಲ್ಲ.

ಅಣವೀರಪ್ಪ ನಲವತ್ತಾರು ಎಂದು ಒತ್ತಿದರೆ, ಮಾಲಿನ ಚಲನ್ ಚೀಟಿ ನೋಡಿ ನಂಜುಂಡ ಮೇಲಿನಿಂದಲೇ ಅರವತ್ನಾಲ್ಕು ಮಾಡುತ್ತಿದ್ದ. ಉಪಕಾರವೆಂದೇ ತಿಳಿದಿದ್ದ.

ಒಂದು ಮಧ್ಯಾಹ್ನ ಅಣವೀರಪ್ಪ ತಾನೇ ಮೆಟ್ಟಿಲು ಹತ್ತಿ ಬಂದ.

“ಸರ, ನಾ ಬರ್ಯೂದು ಒಂದು, ಅಲ್ಲಿ ಕಾಣೂದು ಒಂದು. ಕಣ್ಣು ಹೋದುವೋ, ತಲಿ ಕೆಟ್ಟತೋ ತಿಳೀವಲ್ದು.”

ಪಕ್ಕದಲ್ಲೇ ಮ್ಯಾನೇಜರ್ ಇದ್ದರು. ಕೇಳದೆ ಒಳನುಗ್ಗುತ್ತಿದ್ದೇನೆಂದು ಅವರೆದುರು ಒಪ್ಪಿಕೊಳ್ಳಲು ನಂಜುಂಡನಿಗೆ ನಾಲಿಗೆ ಏಳಲಿಲ್ಲ.

“ಏನಿಲ್ಲ ಅಣವೀರಪ್ಪನವರೇ, ತಪ್ಪಾದ್ರೆ ಮಷೀನೇ ಸರಿಮಾಡ್ಕೊಳ್ಳುತ್ತೆ.”

“ಹಂಗಾರ ನಾ ಯಾಕ ಕುಂದರಬೇಕ್ರಿ ಅಲ್ಲಿ?” ಎಂದು ಅಣವೀರಪ್ಪ ನಕ್ಕ. ನಂಜುಂಡನೂ ನಕ್ಕ.

ಸೋಮವಾರ ಒಂದು ಅಂಕಿ ತಿದ್ದುತ್ತಿದ್ದಾಗ, ಮಾಲಿನ ಹೆಸರು ಬರೆಯುವ ಜಾಗದಲ್ಲಿ ಇಂಗ್ಲಿಷ್ ಅಕ್ಷರಗಳು ಒಂದೊಂದಾಗಿ ಮೂಡತೊಡಗಿದವು. ಕೂಡಿಸಿ ಓದಿದರೆ, ‘ಯಾರದೀರಿ ಒಳಗ’. ನಂಜುಂಡ ಕೀಲಿಮಣೆಯಿಂದ ಕೈ ತೆಗೆದ. ಎರಡು ನಿಮಿಷದ ಮೇಲೆ ಅಕ್ಷರಗಳು ಹಿಂದಿನಿಂದ ಒಂದೊಂದಾಗಿ ಅಳಿದುಹೋದವು.

ಆ ವಾರವೇ ಅಣವೀರಪ್ಪ ತನ್ನನ್ನು ಪ್ಯಾಕಿಂಗಿಗೆ ಹಾಕಿರೆಂದು ಕೇಳಿಕೊಂಡನಂತೆ. ಸುದ್ದಿ ತಿಳಿದು ನಂಜುಂಡ ಕೆಳಗೆ ಓಡಿದ. ದಿಂಬು ಕುರ್ಚಿಯಲ್ಲಿರಲಿಲ್ಲ. ಪ್ಯಾಕಿಂಗಿನಲ್ಲಿ ಡಬ್ಬಿಗೆ ಲೇಬಲ್ ಅಂಟಿಸುತ್ತಿದ್ದವನ ಎದುರು ನಿಂತು ಎಲ್ಲವನ್ನೂ ಹೇಳಿದ. ಕುರ್ಚಿಗೆ ವಾಪಸು ಬನ್ನಿ ಎಂದ.

ಅಣವೀರಪ್ಪ ಅಂಟಿನ ಕೈ ಒರೆಸಿಕೊಂಡ. “ಒಂದು ಮಾತು ಕೇಳಿದ್ರ, ಬರ್ರಿ ಅಂತಿದ್ನಲ್ರಿ ಸರ. ನನ್ನ ತಲೀನs ಕೆಟ್ಟೈತಿ ಅಂತ ನೀಲಾಬಾಯಿ ಮುಂದೂ ಹೇಳಿಬಿಟ್ಟೇನಿ.” ಮುಂದಿನ ಡಬ್ಬಿ ಎಳೆದುಕೊಂಡ.

ನಂಜುಂಡ ಮೇಲೆ ಹೋಗಿ, ತೆಗೆದುಹಾಕಿದ್ದ ಪ್ರಶ್ನೆಯನ್ನು ಮತ್ತೆ ಹಾಕಿದ. ಸರಿಯಾಯಿತೋ ನೋಡಲು ಕೆಳಗಿನ ಯಂತ್ರವನ್ನು ಕರೆದ. ಒಪ್ಪಿಗೆಗಾಗಿ ಕಾಯಬೇಕು ಎಂದು ಅವನ ಪರದೆ ಹೇಳಿತು. ಕೆಳಗೆ ಯಾರೂ ಇಲ್ಲವೆಂದು ಗೊತ್ತಿದ್ದೂ ಅವನು ಕಾಯುತ್ತ ಕೂತ.