ರಮಾಕಾಂತನ ಲೈನು

ಚಟ್ಟ ಬಿಗಿಯಲು ಹಗ್ಗ ಸಾಲದಾದಾಗ ಕಿಟ್ಟಣ್ಣ ಗೋಡೆಯ ಮೊಳೆಯಲ್ಲಿ ತೂಗುತ್ತಿದ್ದ ನೀಲಿ ವೈರಿನ ಸುರುಳಿಗೆ ಕೈ ಹಾಕಿದ.

"ಅದು ಬೇಡ ಭಾವ," ಗಂಡನ ತಲೆಯ ಬಳಿ ಕೂತಿದ್ದ ಜಯಲತಾ ಹೇಳಿದಳು. "ಮೂರನೇ ಮಾಳಿಗೆಗೆ ಎಳೆಯಲಿಕ್ಕೆ ತಂದದ್ದು."

"ಎಳೆಯುವವನೇ ಇಲ್ಲಿ ಮಲಗಿದ್ದಾನೆ. ಇನ್ನು ಎಂತದ್ದು ಎಳೆಯುವುದು?"

ಅಡುಗೆಮನೆಯ ಚಾಕು ತರಿಸಿ ಕಿಟ್ಟಣ್ಣ ಮಾರುದ್ದದ ತುಂಡುಗಳನ್ನು ಕತ್ತರಿಸಿದ. ಬಿದಿರಿನ ಗಂಟುಗಳಲ್ಲಿ ವೈರು ನಿಲ್ಲದೆ ಜಾರಿತು. ಎರಡೆರಡು ಸುತ್ತು ಸುತ್ತಿ, ಮೊಣಕಾಲು ಊರಿ ಬಿಗಿದ. ನಿನ್ನೆ ಸಂಜೆ ಅದೇ ಸುರುಳಿಯನ್ನು ಹೆಗಲಿಗೇರಿಸಿಕೊಂಡು ಮೆಟ್ಟಿಲು ಹತ್ತುತ್ತಿದ್ದ ರಮಾಕಾಂತ ಎದೆ ಹಿಡಿದು ಕೂತವನು ಮತ್ತೆ ಏಳಲಿಲ್ಲ. ಮಕ್ಕಳಿಲ್ಲದ ಮನೆ. ಭಿವಂಡಿಯ ಹೆದ್ದಾರಿಯಲ್ಲಿ ಹೋಟೆಲು ಇಟ್ಟಿರುವ ಅಣ್ಣ ಕಿಟ್ಟಣ್ಣ ಹೆಂಡತಿಯೊಂದಿಗೆ ರಾತ್ರಿಯೇ ಡೊಂಬಿವಲಿಗೆ ಬಂದಿಳಿದು, ಬಂದ ಗಳಿಗೆಯಿಂದ ಯಜಮಾನನಾಗಿದ್ದ.

ಬಾಗಿಲ ಹೊರಗಿನ ಪ್ಯಾಸೇಜಿನಲ್ಲಿ ಗಂಡಸರು ನಿಂತು ಮಾತಾಡುತ್ತಿದ್ದರು.

"ಎಂಥ ಕೈ ಮಾರಾಯ್ರೆ ಅವನದ್ದು," ಎಂದ ವಾಸು. ವಾಗ್ಳೆ ಎಸ್ಟೇಟಿನ ಫ್ಯಾಕ್ಟರಿ ಕ್ಯಾಂಟೀನಿನಲ್ಲಿ ರಮಾಕಾಂತನ ಜತೆ ಗ್ಲಾಸು ತೊಳೆದವನು. "ಕ್ಯಾಂಟೀನಿನಲ್ಲಿ ದಿನಕ್ಕೊಂದು ಗ್ಲಾಸು ಒಡೆಯುತ್ತಿದ್ದ. ವೈರು ಹಿಡಿದ ಮೇಲೆ ನೋಡಿ, ಒಂದು ಜಾಯಿಂಟು ತಪ್ಪಿದ್ದಿಲ್ಲ."

"ಇಡೀ ಬಿಲ್ಡಿಂಗಿನ ನೆಟ್ಟು ಅವನ ಕೈಯಲ್ಲಿತ್ತು," ಎಂದರು ಸೊಸೈಟಿಯ ಸೆಕ್ರೆಟರಿ ಪರಾಂಜಪೆ, ತಮಗೆ ಬರುವ ಅರೆಬರೆ ಕನ್ನಡದಲ್ಲಿ. "ಅಸಾ ಮಾಣೂಸ್, ಇಂಥ ಮನುಷ್ಯ ಸಿಗೋದಿಲ್ಲ."

ಒಳಗೆ ಗೋಡೆಗೊರಗಿ ಕೂತಿದ್ದ ಹೆಂಗಸರು ಈ ಮಾತು ಕೇಳಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪರಾಂಜಪೆಯ ಹೆಂಡತಿ ಸುಲಭಾ ಏನೋ ಹೇಳಲು ಬಾಯಿ ತೆರೆದು, ಸೆರಗಿನಿಂದ ಮುಚ್ಚಿಕೊಂಡಳು.

ಅಷ್ಟರಲ್ಲಿ ನಾನಾ ಬಂದ. ಕೈಯಲ್ಲಿ ತೇರಿನ ಚಕ್ರದಂಥ ಹೂವಿನ ಹಾರ. ಹೆಣಕ್ಕೆ ಹಾಕಿ, ಕೈ ಮುಗಿದು, ಕಣ್ಣೊರೆಸಿಕೊಂಡು, ಕಿಟ್ಟಣ್ಣನ ಹೆಗಲ ಮೇಲೆ ಕೈಯಿಟ್ಟು ಹೊರಗೆ ಕರೆದೊಯ್ದ.

ನಾನಾ ಈ ಭಾಗದ ಕೇಬಲ್ ದೊರೆ. ಸೆಟ್‌ಟಾಪ್ ಬಾಕ್ಸ್ ಕಡ್ಡಾಯವಾದ ಆ ಬೇಸಗೆ ಗಲ್ಲಿ ಗಲ್ಲಿಯಲ್ಲೂ ಬಾಕ್ಸಿನ ಹೆಸರಲ್ಲಿ ದುಡ್ಡು ಎತ್ತುತ್ತ ಬಂದವನ ಕಾಲು ಈ ಬಿಲ್ಡಿಂಗಿನ ಗೇಟಿನಲ್ಲಿ ನಿಂತುಬಿಟ್ಟಿತ್ತು. ಟೆರೇಸಿನ ಮೇಲೆ ರಮಾಕಾಂತ ಕೂರಿಸಿದ ಒಂದು ಡಿಶ್ಶು. ಊರವರ ಬಾಯಲ್ಲಿ ಛತ್ರಿ. ಸರಕಾರ ಬಿಟ್ಟಿ ಬಿಟ್ಟ ಚಾನೆಲ್ಲುಗಳು ಅದರಲ್ಲಿ ಬಿದ್ದು, ಕರಿ ವೈರಿನಲ್ಲಿ ಇಳಿದು, ಬೇಕೆಂದ ಮನೆಗೆಲ್ಲ ಹೋಗುತ್ತಿದ್ದವು. ಒಮ್ಮೆ ಕೂರಿಸಿದ ಕೂಲಿ ಕೊಟ್ಟರೆ ಮುಗಿಯಿತು. ಅದರ ಜತೆಗೆ ಇಂಟರ್ನೆಟ್ಟಿನ ನೀಲಿ ವೈರು, ರಮಾಕಾಂತನ ಬಾಗಿಲ ಮೇಲಿನ ತಗಡಿನ ಪೆಟ್ಟಿಗೆಯಿಂದ ಮನೆ ಮನೆಗೆ. ಆ ನೀಲಿ ವೈರಿನಿಂದ ಜಯಲತಾಳ ಒಲೆ ಉರಿಯುತ್ತಿತ್ತು. ಆಕಾಶದಿಂದ ಪುಕ್ಕಟೆ ಬೀಳುವುದಕ್ಕೆ ಅಂಗೈ ಒಡ್ಡಲಿಕ್ಕೂ ತನ್ನ ಅಪ್ಪಣೆ ಬೇಕೆಂದು ನಂಬಿದ ಮನುಷ್ಯ ನಾನಾ. ಎರಡು ಸಲ ವೈರು ಕತ್ತರಿಸಿದ್ದ. ಎರಡು ಸಲವೂ ರಮಾಕಾಂತ ತುಟಿ ಪಿಟಕ್ಕೆನ್ನದೆ ಮತ್ತೆ ಎಳೆದಿದ್ದ.

ಬಾಗಿಲ ಸಂದಿಯಿಂದ ಮಾತು ಕೇಳಿಸುತ್ತಿತ್ತು.

"ವಹಿನಿ ಕ್ಯಾ ಟೆರೇಸ್ ಚಢೇಗಿ, ಶೇಠ್?" ನಾನಾನ ದನಿ. ವಹಿನಿ, ಅತ್ತಿಗೆ, ಎಂದರೆ ಜಯಲತಾ.

"ಅವಳೆಲ್ಲಿ ಹತ್ತುತ್ತಾಳೆ. ನನ್ನ ಜತೆ ಭಿವಂಡಿಗೆ ಕರಕೊಂಡು ಹೋಗ್ತೇನೆ. ಹೋಟೆಲಿನಲ್ಲಿ ಕಡೆಯಲಿಕ್ಕೆ, ಹೆಚ್ಚಲಿಕ್ಕೆ ಜನ ಬೇಕು. ಈ ರೂಮು ಬಾಡಿಗೆಗೆ ಹೋಗ್ತದೆ." ಕಿಟ್ಟಣ್ಣ ದನಿ ತಗ್ಗಿಸಿದ. "ನಾವು ಹೆಣ ಎತ್ತಿಕೊಂಡು ಹೋದ ಮೇಲೆ ನಿಮ್ಮ ಜನ ಬಂದು ಲೈನು ತೆಗೆಯಲಿ. ಆಗ ಇಲ್ಲಿ ಹೆಂಗಸರು ಮಾತ್ರ ಇರ್ತಾರೆ. ಗಲಾಟೆ ಇಲ್ಲ."

ಜಯಲತಾ ಗಂಡನ ಹಣೆಯ ಮೇಲೆ ಕೂತ ನೊಣ ಓಡಿಸಿದಳು. ಹೆಣ ಎಷ್ಟು ಹೊತ್ತು ಇಲ್ಲಿರುತ್ತದೋ ಅಷ್ಟು ಹೊತ್ತು ಲೈನಿಗೆ ಆಯುಸ್ಸು. ಅವಳಿಗೆ ಅಳು ಬರಲಿಲ್ಲ. ನಿನ್ನೆಯವರೆಗೂ ಕೈಬಾಯಿ ಇದ್ದ ಒಂದು ಹೆಣ್ಣನ್ನು ಒಂದು ರಾತ್ರಿಯಲ್ಲಿ ರುಬ್ಬುಕಲ್ಲಿನ ಪಕ್ಕಕ್ಕೆ ಸಾಗಿಸಲು ಇಬ್ಬರು ಗಂಡಸರಿಗೆ ಇಷ್ಟೇ ಮಾತು ಸಾಕಾಯಿತು.

*

ಕ್ಯಾಂಟೀನು ಮುಚ್ಚಿ, ಫ್ಯಾಕ್ಟರಿಯ ಜಾಗದಲ್ಲಿ ಗಾಜಿನ ಆಫೀಸು ಎದ್ದ ವರ್ಷ ರಮಾಕಾಂತ ವೈರಿನ ಕೆಲಸ ಕಲಿತ. ಮೊದಲ ಗಿರಾಕಿ ಸುಲಭಾ ವಹಿನಿ. ಟೀವಿ ಸರಿಯಾಗಿ ಬಂತು. ಕರಿ ವೈರಿನಲ್ಲಿ ಒಂದೇ ತಾಮ್ರ. ನೆಟ್ಟು ಬರಲಿಲ್ಲ. ನೀಲಿ ವೈರು ಸುಲಿದರೆ ಒಳಗೆ ಎಂಟು ಎಳೆ, ಎಂಟಕ್ಕೂ ಬಣ್ಣ ಬೇರೆ. ಸಾಲು ತಪ್ಪಿದರೆ ಲೈನು ಸತ್ತಂತೆ. ಮೂರು ಸಲ ಕತ್ತರಿಸಿದ, ಮೂರು ಸಲ ಒತ್ತಿದ. ಬೆವರು ಮೂಗಿನ ತುದಿಯಿಂದ ತೊಟ್ಟಿಕ್ಕಿತು.

ಚೀಲ ಹಿಡಿದು ಜತೆಗೆ ಬಂದಿದ್ದ ಜಯಲತಾ ಬಗ್ಗಿ, ಬಣ್ಣದ ಸಾಲು ಬರೆದ ಚೀಟಿಯನ್ನೂ ವೈರನ್ನೂ ನೋಡಿದಳು. "ಹಸಿರು ಇರಬೇಕಾದಲ್ಲಿ ಕಂದು ಇಟ್ಟಿದ್ದೀರಿ."

"ಇದು ಹಸಿರಲ್ವಾ?"

ಅವಳು ಅವನ ಮುಖ ನೋಡಿದಳು. ತಮಾಷೆಯಲ್ಲ. ಮದುವೆಯಾಗಿ ಇಷ್ಟು ವರ್ಷಕ್ಕೆ ಅವಳಿಗೆ ಅಂದು ತಿಳಿಯಿತು, ತನ್ನ ಹಸಿರು ಸೀರೆಯನ್ನು ಅವನು ಯಾಕೆ ಒಮ್ಮೆಯೂ ಹಸಿರು ಸೀರೆ ಎಂದು ಕರೆದಿರಲಿಲ್ಲವೆಂದು.

"ಕ್ಯಾಂಟೀನಿನಲ್ಲಿ ಕೆಂಪು ಚಟ್ನಿ ಕೇಳಿದವನಿಗೆ ಹಸಿರು ಚಟ್ನಿ ಹಾಕಿ ಮ್ಯಾನೇಜರನ ಕೈಯಲ್ಲಿ ಪೆಟ್ಟು ತಿಂದಿದ್ದೇನೆ," ಎಂದು ಅವನು ಪಿಸುಗುಟ್ಟಿದ. "ಯಾರಿಗೂ ಹೇಳಬೇಡ. ಬಣ್ಣ ಕಾಣದವನನ್ನು ಯಾರು ಮನೆಯೊಳಗೆ ಬಿಡ್ತಾರೆ?"

ಅವಳು ಅವನ ಕೈಯಿಂದ ಇಕ್ಕಳ ತೆಗೆದುಕೊಂಡಳು. ಟೀವಿ ಸ್ಟ್ಯಾಂಡಿನ ಹಿಂದೆ ಧೂಳಿನಲ್ಲಿ ಕೂತು ಎಳೆಗಳನ್ನು ಒಂದೊಂದಾಗಿ ಬಿಡಿಸಿ, ಉಗುರಿನಿಂದ ನೇರ ಮಾಡಿ, ಪ್ಲಾಸ್ಟಿಕ್ಕಿನ ಪುಟ್ಟ ಜ್ಯಾಕಿಗೆ ತೂರಿಸಿ ಒತ್ತಿದಳು. ಟೀ ತಂದ ಸುಲಭಾ ಅಲ್ಲೇ ನಿಂತು ನೋಡಿದಳು. ಟೀ ಇಟ್ಟು, ಹೊರಬಾಗಿಲು ಮುಂದೆ ಮಾಡಿದಳು.

ಅಂದಿನಿಂದ ರಮಾಕಾಂತ ಛತ್ರಿ ತಿರುಗಿಸಿದ, ಗೋಡೆ ಕೊರೆದ, ವೈರು ಎಳೆದ. ತುದಿ ಕಟ್ಟಿದವಳು ಜಯಲತಾ. ಮಧ್ಯಾಹ್ನದ ಹೊತ್ತು, ಗಂಡಸರೆಲ್ಲ ಲೋಕಲ್ ಹತ್ತಿ ಆಫೀಸಿಗೆ ಹೋದ ಮೇಲೆ. ಹಾಗಾಗಿ ಬಿಲ್ಡಿಂಗಿನ ಹೆಂಗಸರಿಗೆಲ್ಲ ಗೊತ್ತಿತ್ತು. ಗಂಡಸರಲ್ಲಿ ಒಬ್ಬನಿಗೂ ಗೊತ್ತಿರಲಿಲ್ಲ.

*

"ಗೋವಿಂದಾ" ಎಂದು ಹೆಣ ಎತ್ತಿದರು. ಇಕ್ಕಟ್ಟಾದ ಮೆಟ್ಟಿಲ ತಿರುವಿನಲ್ಲಿ ಚಟ್ಟ ಓರೆಯಾಗಿ, ಯಾರೋ ಗದರಿ, ಸರಿಹೋಗಿ, ಕೆಳಗಿಳಿಯಿತು. ಗಾಡಿಯ ಬಾಗಿಲು ಬಡಿದ ಸದ್ದು ಮೇಲಿನವರೆಗೂ ಬಂತು.

ಹೆಣವಿದ್ದ ಜಾಗ ತೊಳೆದು ದೀಪ ಹಚ್ಚಿದರು. ಕಿಟ್ಟಣ್ಣನ ಹೆಂಡತಿ ಜಯಲತಾಳನ್ನು ಮೂಲೆಯಲ್ಲಿ ಕೂರಿಸಿದಳು. "ಅವರು ಬರುವವರೆಗೆ ಇಲ್ಲಿಂದ ಏಳಬಾರದು. ಹೊಸಿಲು ದಾಟಬಾರದು. ಗೊತ್ತುಂಟಲ್ಲ?"

ಗೊತ್ತಿತ್ತು. ನಾನಾನಿಗೂ ಗೊತ್ತಿತ್ತು. ಸ್ಮಶಾನಕ್ಕೆ ಹೆಂಗಸರು ಹೋಗುವಂತಿಲ್ಲ, ಹೋಗದವರು ಎದ್ದು ಹೊರಗೆ ಬರುವಂತಿಲ್ಲ. ಕಳ್ಳನಿಗೆ ಇದಕ್ಕಿಂತ ಒಳ್ಳೆಯ ಮುಹೂರ್ತವನ್ನು ಯಾವ ಪಂಚಾಂಗ ತಾನೆ ಕೊಟ್ಟೀತು.

ಗಾಡಿ ರಸ್ತೆಯ ಕೊನೆ ಮುಟ್ಟಿತ್ತೋ ಇಲ್ಲವೋ, ಹೊರಗೆ ಸ್ಟೂಲು ಎಳೆದ ಸದ್ದಾಯಿತು. ಆಮೇಲೆ ಕತ್ತರಿಯ ಸದ್ದು. ಕಟ್. ಕಟ್. ಪ್ರತಿ ಸದ್ದಿಗೂ ಒಂದು ಮನೆ. ಯಾವುದು ಯಾರ ಮನೆಯ ವೈರೆಂದು ಜಯಲತಾ ಕಣ್ಣು ಮುಚ್ಚಿ ಹೇಳಬಲ್ಲಳು. ಅವಳು ಎದ್ದಳು.

"ಜಯಾ, ಕೂತುಕೋ. ಸೂತಕ."

"ಸೂತಕ ಬಂದದ್ದು ನನಗೆ ಅಕ್ಕ. ಲೈನಿಗೆ ಬರಲಿಲ್ಲ."

ಹೊಸಿಲು ದಾಟಿದಳು. ಸ್ಟೂಲಿನ ಮೇಲೆ ನಿಂತಿದ್ದ ನಾನಾನ ಆಳು ಪೆಟ್ಟಿಗೆಯ ಕೆಳಗಿನ ನೀಲಿ ವೈರುಗಳನ್ನೆಲ್ಲ ಕತ್ತರಿಸಿ ಮುಗಿಸಿದ್ದ. ಇನ್ನೊಬ್ಬ ಟೆರೇಸಿಗೆ ಹೋಗಿ, ಹೋದಷ್ಟೇ ಬೇಗ ಕೆಳಗೆ ಬರುತ್ತಿದ್ದ. "ಊಪರ್ ತಾಲಾ ಹೈ."

ಅವನ ಬೆನ್ನಿಗೆ ಮೆಟ್ಟಿಲು ಗುಡಿಸುವ ಕಲಬುರಗಿಯ ಮರಗಮ್ಮ ಇಳಿದು ಬಂದಳು. ಪಂಪಿನ ಕೋಣೆಯಲ್ಲಿ ಅವಳ ಸಂಸಾರ. ಬಿಟ್ಟಿ ಛತ್ರಿಯ ಕನ್ನಡ ಚಾನೆಲ್ಲು ಅವಳ ಸಂಜೆ.

"ಕೀಲಿ ನನ್ ಸೊಂಟದಾಗ ಐತಿ," ಎಂದಳು ಮರಗಮ್ಮ. "ಗಂಡಸಾಗಿದ್ರ ತಗೋ ಬಾ. ಮೊದಲು ಆ ನಿನ್ ನಾನಾನ್ನ ಕೇಳ್, ಹೆಣ ಹೋದ ಮನಿಯಾಗ ಏನ್ ಹೊತ್ಕೊಂಡ್ ಬಾ ಅಂದಾನ ಅಂತ."

"ಜೇಠ್ ನೆ ಹಾಂ ಬೋಲಾ ಹೈ," ಭಾವನ ಒಪ್ಪಿಗೆ ಇದೆಯೆಂದು ಸ್ಟೂಲಿನವನು ಜಯಲತಾಳಿಗೆ ಹೇಳಿದ. "ಆದ್ಮಿ ಗಯಾ, ಲೈನ್ ಗಯಾ."

ಜಯಲತಾ ಹತ್ತಿರ ಹೋದಳು. ಅವನು ಕೈ ಮುಂದೆ ಚಾಚಿ ಹಿಂದಕ್ಕೆ ವಾಲಿದ. "ದೂರ್ ಸೇ, ಆಂಟಿ. ದೂರ್ ಸೇ." ಹೆಣದ ಪಕ್ಕದಿಂದ ಎದ್ದು ಬಂದವಳು, ತಲೆಗೆ ನೀರು ಬಿದ್ದಿಲ್ಲ. ಮುಟ್ಟಿಸಿಕೊಳ್ಳಲು ಅವನಿಗೆ ಭಯ. ಜಯಲತಾ ಅದನ್ನು ಕಂಡಳು. ಇನ್ನೊಂದು ಹೆಜ್ಜೆ ಇಟ್ಟಳು. ಅವನು ಸ್ಟೂಲಿನಿಂದ ಜಿಗಿದ. ಮತ್ತೊಂದು ಹೆಜ್ಜೆ. ಅವಳನ್ನು ಮೂಲೆಗೆ ಕೂರಿಸಲೆಂದು ಹೊದಿಸಿದ ಮೈಲಿಗೆಯನ್ನೇ ಹೊದ್ದು ಅವಳು ನಡೆದಳು; ಇಬ್ಬರೂ ಮೆಟ್ಟಿಲವರೆಗೆ ಹಿಂದೆ ಹಿಂದೆ ಹೋದರು.

ಸುಲಭಾ ವಹಿನಿ ಬಾಗಿಲಿಗೆ ಬಂದು ನಿಂತಳು. "ಐಕಾ, ಕೇಳಿ," ಎಂದಳು, ಮೇಲಿನ ಮಾಳಿಗೆಗೂ ಕೇಳುವಂತೆ. "ಮಾಝ್ಯಾ ಘರಚೀ ವಾಯರ್ ಹಿನೇಚ್ ಜೋಡಲೀ ಆಹೇ. ನಮ್ಮ ಮನೆ ವೈರು ಇವಳೇ ಕಟ್ಟಿದ್ದು. ಎಲ್ಲರ ಮನೆದೂ ಇವಳೇ. ಲೈನು ಎಲ್ಲೂ ಹೋಗಿಲ್ಲ."

"ನಾನಾ ಬರ್ತಾನೆ," ಎಂದರು ನಾನಾನ ಆಳುಗಳು ಹಿಂದಿಯಲ್ಲಿ, ಮೆಟ್ಟಿಲಿಳಿಯುತ್ತ. "ಗಂಡಸರ ಜತೆಗೇ ಬರ್ತಾನೆ. ಆಗ ಮಾತಾಡಿ."

ಅಂದರೆ ಸ್ಮಶಾನದಿಂದ ಎಲ್ಲರೂ ಬರುವವರೆಗೆ. ಅಷ್ಟೇ ಸಮಯ. ಸತ್ತ ಲೈನಿನ ಎದುರು ನಿಂತರೆ ಅವಳದ್ದು ಬರೀ ಅಳುವ ಹೆಂಗಸಿನ ಮಾತು. ಜಯಲತಾ ಇಕ್ಕಳ ತಂದು ಸ್ಟೂಲು ಹತ್ತಿದಳು. ಮರಗಮ್ಮ ಸ್ಟೂಲಿನ ಕಾಲು ಹಿಡಿದಳು. ಜಯಲತಾ ಹಲ್ಲಿನಿಂದ ವೈರಿನ ತೊಗಟೆ ಕಚ್ಚಿ ಸುಲಿದಳು. ಕಿತ್ತಳೆ, ಹಸಿರು, ನೀಲಿ, ಕಂದು. ಮೊದಲ ತುದಿ ಹಾಳಾಯಿತು. ಕತ್ತರಿಸಿ ಎಸೆದಳು. ಎರಡನೆಯದು ಹಿಡಿಯಿತು.

ಕೆಳಗೆ ಗಾಡಿ ನಿಂತಿತು.

ಒದ್ದೆ ಬಟ್ಟೆಯ ಗಂಡಸರು ಮೆಟ್ಟಿಲು ಹತ್ತಿ ಬಂದರು. ಮುಂದೆ ಕಿಟ್ಟಣ್ಣ, ಅವನ ಹಿಂದೆ ನಾನಾ, ಪರಾಂಜಪೆ, ವಾಸು, ಉಳಿದವರು. ಒಳಗಿನ ದೀಪ ನೋಡಿ, ನೀರು ಮುಟ್ಟಿ ಹೋಗಬೇಕು. ಬಾಗಿಲಿಗೆ ಅಡ್ಡ ಸ್ಟೂಲು, ಸ್ಟೂಲಿನ ಮೇಲೆ ಅವಳು.

"ಜಯಾ, ಎಂತ ಇದು? ಇಳಿ. ಜನ ನಿಂತಿದ್ದಾರೆ."

ಅವಳ ಬಾಯಲ್ಲಿ ಎರಡು ಜ್ಯಾಕು ಇದ್ದವು.

"ಶೇಠ್," ನಾನಾ ಹಿಂದಿನಿಂದ, ಕೊಟ್ಟ ಮಾತು ನೆನಪಿಸುತ್ತ ಗುರುಗುಟ್ಟಿದ, "ಆಪ್ ನೆ ತೋ ಬೋಲಾ ಥಾ..."

ಕಿಟ್ಟಣ್ಣ ಸ್ಟೂಲಿಗೆ ಕೈ ಹಾಕಲು ಮುಂದೆ ಬಂದ. ಒಳಗಿನಿಂದ, ಮೇಲಿನಿಂದ ಹೆಂಗಸರು ಬಂದು ನಿಂತಿದ್ದರು. ಅವನ ಹೆಂಡತಿಯೂ ಅವರ ನಡುವೆ ಇದ್ದಳು.

ಜಯಲತಾ ಜ್ಯಾಕುಗಳನ್ನು ಬಾಯಿಂದ ತೆಗೆದಳು. ಇನ್ನೂ ಕಟ್ಟದ ವೈರುಗಳ ಗೊಂಚಲನ್ನು ಬಗ್ಗಿ ಅವನ ಚಾಚಿದ ಕೈಗಳ ಮೇಲೆ ಇಟ್ಟಳು.

"ಹಿಡೀರಿ ಭಾವ. ಬೂದಿ ತಾಗಿಸಬೇಡಿ."

ಕಿಟ್ಟಣ್ಣ ಹಿಡಿದ. ಬಿಡಲು ತಿಳಿಯದೆ ಹಿಡಿದೇ ನಿಂತ. ಪಂಚೆಯ ಅಂಚಿನಿಂದ ನೀರು ಪಾದಕ್ಕಿಳಿಯುತ್ತಿತ್ತು. ಅವನ ಹಿಂದೆ ಒಂದೊಂದು ಮೆಟ್ಟಿಲಿಗೆ ಒಬ್ಬೊಬ್ಬರಂತೆ, ಗೇಟಿನವರೆಗೂ, ಒದ್ದೆ ಗಂಡಸರು ತಲೆಯೆತ್ತಿ ಕಾಯುತ್ತಿದ್ದರು. ಅವಳು ಅವನ ಅಂಗೈಯಿಂದ ಒಂದು ವೈರನ್ನು ಆರಿಸಿಕೊಂಡು, ತುದಿಯನ್ನು ಬೆಳಕಿಗೆ ಹಿಡಿದು, ಹಸಿರನ್ನು ಕಂದಿನಿಂದ ಬಿಡಿಸತೊಡಗಿದಳು.