ಕೆಂಚಮ್ಮ ಆರಿಸಿದ ಕಾರು

ಕೆಂಚಮ್ಮನ ಹೊಟ್ಟೆಯೊಳಗೆ ಒಂದು ಬಿಳಿ ಕಾರು ಓಡಾಡಲು ಶುರುಮಾಡಿದ್ದು ಯುಗಾದಿಯ ದಿನ. ಕಾರೇನೂ ಅವಳದ್ದಲ್ಲ, ಕನಕಪುರಕ್ಕೆ ಕೊಟ್ಟ ತಂಗಿ ವೆಂಕಟಲಕ್ಷ್ಮಮ್ಮನದು. ಹಬ್ಬಕ್ಕೆಂದು ದೊಡ್ಡಮಳೂರಿನ ತವರಿಗೆ ತಂಗಿ ಆ ಹೊಸ ಕಾರಿನಲ್ಲಿ ಬಂದು ಇಳಿದಾಗ, ಕೆಂಚಮ್ಮ ಮಾಗಡಿ ಕಡೆಯಿಂದ ಎರಡು ಬಸ್ಸು ಬದಲಾಯಿಸಿ ಬಂದು, ಬೆವರು ಒರೆಸಿಕೊಳ್ಳುತ್ತಾ ಜಗಲಿಯ ಮೇಲೆ ಕೂತಿದ್ದಳು. ಅವ್ವ ಸೆರಗು ಸಿಕ್ಕಿಸಿಕೊಂಡು ಓಡಿಹೋಗಿ ಕಾರಿಗೆ ಆರತಿ ಎತ್ತಿದಳು. ದೊಡ್ಡ ಮಗಳಿಗೆ ಒಂದು ಚೊಂಬು ನೀರು ಕೊಡಬೇಕೆಂದು ಯಾರಿಗೂ ಹೊಳೆಯಲಿಲ್ಲ. ಅವತ್ತು ಹತ್ತಿದ ಉರಿ ಮಜ್ಜಿಗೆ ಕುಡಿದರೆ ಇಳಿಯುವಂಥದ್ದಲ್ಲ.

ಹಾಗೆ ನೋಡಿದರೆ ಕೆಂಚಮ್ಮನಿಗೆ ಯಾವುದಕ್ಕೂ ಕಡಿಮೆ ಇರಲಿಲ್ಲ. ಮಾಗಡಿ ಬಳಿ, ಕೆಂಪಾಪುರದ ಪಕ್ಕದ ಊರಿನಲ್ಲಿ ಅವರದು ಒಳ್ಳೆಯ ಹಿಪ್ಪುನೇರಳೆ ತೋಟ. ರೇಷ್ಮೆ ಗೂಡಿಗೆ ಚಿನ್ನದಂಥ ಬೆಲೆ ಬಂದ ಕಾಲ ಅದು. ರಾಮನಗರದ ಮಾರ್ಕೆಟ್ಟಿಗೆ ಗೂಡು ಹೊತ್ತು ಹೋದವರು ಬರುವಾಗ ಟೀವಿ ಹೊತ್ತು ಬರುತ್ತಿದ್ದರು. ಗಂಡ ಬೋರಲಿಂಗಯ್ಯ ಕುಡಿಯುವವನಲ್ಲ, ಕೈ ಎತ್ತುವವನಲ್ಲ, ಮಾತೇ ಕಮ್ಮಿ. ಆದರೆ ಹೊಟ್ಟೆಕಿಚ್ಚು ಎಂಬುದು ತನ್ನ ಎಲೆಯಲ್ಲಿ ಬಡಿಸಿದ್ದನ್ನು ಎಲ್ಲಿ ನೋಡುತ್ತದೆ? ಚಿಕ್ಕಂದಿನಿಂದಲೂ ಜರಿ ಲಂಗ ಮೊದಲು ತಂಗಿಗೆ, ಓಲೆ ಮೊದಲು ತಂಗಿಗೆ, ಈಗ ಕಾರೂ ತಂಗಿಗೇ. ಒಂದೇ ಒಂದು ಸಲ ಆ ವೆಂಕಟಲಕ್ಷ್ಮಿ ತನ್ನನ್ನು ನೋಡಿ ಹೊಟ್ಟೆ ಉರಿದುಕೊಳ್ಳಬೇಕು. ಕೆಂಚಮ್ಮ ದೇವರಲ್ಲಿ ಬೇಡುತ್ತಿದ್ದದ್ದು ಇಷ್ಟೇ, ಅದನ್ನು ಬಾಯಿಬಿಟ್ಟು ಬೇಡಲು ನಾಚಿಕೆಯಾಗಿ ಮನಸ್ಸಿನಲ್ಲೇ ಬೇಡುತ್ತಿದ್ದಳು.

ಕಾರು ಕೊಳ್ಳಲು ಗಂಡ ಒಪ್ಪಿದ. ಮುಂಗಡವೂ ಕಟ್ಟಿಯಾಯಿತು. ತೊಡಕು ಇದ್ದದ್ದು ಆ ಮನೆಯವರ ಎತ್ತರದಲ್ಲಿ. ಬೋರಲಿಂಗಯ್ಯ ಯಾರ ಮನೆಗೆ ಹೋದರೂ ಹೊಸ್ತಿಲ ಹತ್ತಿರ ನಿಂತು, ತಲೆ ಬಗ್ಗಿಸಿ, ಆಮೇಲೆ ಕಾಲಿಡುವವನು. ಇಬ್ಬರು ಗಂಡುಮಕ್ಕಳು ಅಪ್ಪನನ್ನೂ ಮೀರಿಸಿದ್ದರು. ಅತ್ತೆ ದಾಸಮ್ಮ ಈ ವಯಸ್ಸಿನಲ್ಲೂ ಬೆನ್ನು ಬಗ್ಗದೆ ಗಂಡಸರ ಹೆಗಲಿಗೆ ಹೆಗಲು ಕೊಟ್ಟು ನಿಲ್ಲುತ್ತಿದ್ದಳು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಗಾದೆ ಮಾಡಿದ ಪುಣ್ಯಾತ್ಮ ಈ ಮನೆಯವರನ್ನು ನೋಡಿರಲಿಲ್ಲ. ಇವರ ನಡುವೆ ಕೆಂಚಮ್ಮ ಒಬ್ಬಳೇ ಗಿಡ್ಡಿ.

ಅವರ ಕೈಗೆಟುಕುವ ಬೆಲೆಗೆ ಸಿಗುತ್ತಿದ್ದದ್ದು ಎರಡೇ ಬಂಡಿ. ಒಂದು, ತಂಗಿಯ ಮನೆಯಲ್ಲಿದ್ದಂಥ ಸಣ್ಣ ಕಾರು. ಇನ್ನೊಂದು, ಚೌಕನೆಯ ವ್ಯಾನು. ಬೋರಲಿಂಗಯ್ಯ ಮಾಗಡಿಯಲ್ಲಿ ಪರಿಚಯದವರೊಬ್ಬರ ವ್ಯಾನಿನಲ್ಲಿ ಕೂತು ನೋಡಿ ಬಂದಿದ್ದ. ತಲೆ ತಾಗಲಿಲ್ಲವೆಂದು ಅವನಿಗೆ ಖುಷಿಯಾಗಿತ್ತು. ಕೆಂಚಮ್ಮನಿಗೆ ಆ ವ್ಯಾನಿನ ಹೆಸರೆತ್ತಿದರೆ ಮೈ ಪರಚಿಕೊಳ್ಳುವಂತಾಗುತ್ತಿತ್ತು. ತಂಗಿ ಕಾರಿನಿಂದ ಇಳಿಯುವುದು, ತಾನು ಸಾಮಾನು ಸಾಗಿಸುವ ಡಬ್ಬದಿಂದ ಇಳಿಯುವುದು. ಅದಕ್ಕಿಂತ ಬಸ್ಸೇ ಮೇಲು ಎಂದುಕೊಂಡಳು.

ಅಷ್ಟರಲ್ಲಿ ದೊಡ್ಡಮಳೂರಿನಿಂದ ಕೆಂಚಮ್ಮನ ತಮ್ಮ, ಹೊಸ ಮನೆಯ ಗೃಹಪ್ರವೇಶಕ್ಕೆ ಕರೆಯಲು ಬಂದ. ಅದೇ ವಾರ ಕಾರಿನಂಗಡಿಯಿಂದಲೂ, ನಿಮ್ಮ ಸರದಿ ಬಂದಿದೆ, ಬೆಂಗಳೂರಿಗೆ ಬಂದು ಬೇಕಾದ್ದನ್ನು ಆರಿಸಿಕೊಳ್ಳಿ ಎಂದು ಹೇಳಿಕಳಿಸಿದರು. ಅದೇ ಹೊತ್ತಿಗೆ ಮನೆಯಲ್ಲಿ ರೇಷ್ಮೆ ಹುಳು ಹಣ್ಣಾದವು. ಹಣ್ಣಾದ ಹುಳು ಕಾಯುವುದಿಲ್ಲ. ಸೊಪ್ಪು ತಿನ್ನುವುದು ಬಿಟ್ಟು, ಮೈ ಹಳದಿಗೆ ತಿರುಗಿ, ಗೂಡು ಕಟ್ಟಲು ತಲೆಯಾಡಿಸುತ್ತವೆ. ಆಗ ಒಂದೊಂದನ್ನೂ ತಟ್ಟೆಯಿಂದ ಆರಿಸಿ, ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗೆ ಬಿಡದಿದ್ದರೆ ನೂಲೆಲ್ಲ ತಟ್ಟೆಯಲ್ಲೇ ಹಾಳು. ಮನೆಮಂದಿಯೆಲ್ಲ ಕೈ ಹಾಕಲೇಬೇಕು.

"ಹುಳ ಎಲ್ಲಾ ಚಂದ್ರಿಕೆಗೆ ಬುಡಾನ," ಎಂದ ಬೋರಲಿಂಗಯ್ಯ. "ಆಮೇಕೆ ಎಲ್ರೂ ಹೋಗಿ ಕುಂತು ನೋಡಿ ತಗಳಾನ."

"ಅಷ್ಟೊತ್ತಿಗೆ ನನ್ ತಮ್ಮನ ಮನೆ ಒಬ್ಬಟ್ಟೂ ಹಳಸಿರ್ತದೆ. ನೀವ್ ಹುಳ ನೋಡ್ಕಳಿ, ನಾನೇ ಹೋಗ್ಬತ್ತೀನಿ."

ಮೇಲಿನ ಸಾಲಿನ ತಟ್ಟೆಗಳು ಕೆಂಚಮ್ಮನ ಕೈಗೆ ಎಟುಕುತ್ತಿರಲಿಲ್ಲ. ಉಳಿದವರು ನಿಂತಲ್ಲೇ ಕೈಯಾಡಿಸುತ್ತಿದ್ದರು. ಹಾಗಾಗಿ ಆ ಮನೆಯಲ್ಲಿ ಅವತ್ತು ಬಿಟ್ಟುಕೊಡಬಹುದಾದ ಆಳು ಅವಳೊಬ್ಬಳೇ. ಉದ್ದನೆಯವರ ಮನೆಗೆ ಕಾರು ಆರಿಸಲು ಗಿಡ್ಡಿ ಹೊರಟಿದ್ದು ಹೀಗೆ.

"ವ್ಯಾನೇ ತಗಬುಡು ಕಣೆ. ನೋಡಕ್ಕೆ ಬ್ರೆಡ್ಡಿನ್ ಡಬ್ಬ ಇದ್ದಂಗಿದ್ರೂ ಇರ್ಲಿ," ಎಂದು ಬೋರಲಿಂಗಯ್ಯ ಹುಳುಮನೆಯ ಬಾಗಿಲಿನಿಂದಲೇ ಹೇಳಿದ. ಕೆಂಚಮ್ಮ ಹೂಂ ಎಂದಳು.

ಗೂಡು ಸಾಗಿಸುವ ಟೆಂಪೋದ ಡ್ರೈವರ್ ಇದ್ರೀಸ್ ಜೊತೆಗೆ ಹೋದ. ಕೆಂಚಮ್ಮನಿಗೆ ಹೆಣ್ಣು ಜೊತೆಯಿರಲೆಂದು ಅವನ ಹೆಂಡತಿ ರೋಶನ್ ಬೀಯೂ ಹೊರಟಳು. ಅಂಗಡಿಯಲ್ಲಿ ವ್ಯಾನೂ ಇತ್ತು, ಕಾರೂ ಇತ್ತು. ಕೆಂಚಮ್ಮ ವ್ಯಾನಿನ ಕಡೆ ತಿರುಗಿಯೂ ನೋಡದೆ ಬಿಳಿ ಕಾರಿನ ಹಿಂದಿನ ಸೀಟಿನಲ್ಲಿ ಕೂತಳು. ಕಾಲು ಚಾಚಿದಳು. ತಲೆಯ ಮೇಲೆ ಒಂದು ಗೇಣು ಜಾಗ ಉಳಿದಿತ್ತು. ಅವಳ ಮೈಗೆ ಹೇಳಿ ಮಾಡಿಸಿದಂತಿತ್ತು.

"ಮನೇಲಿ ಎಲ್ಲರೂ ಎಷ್ಟು ಎತ್ತರ ಇದಾರಮ್ಮ?" ಎಂದು ಅಂಗಡಿಯವನೇ ಕೇಳಿದ.

"ಎಲ್ಲಾ ನನ್ನಂಗೇ," ಎಂದಳು ಕೆಂಚಮ್ಮ.

ಇದ್ರೀಸ್ ಕೆಮ್ಮಿದ. "ಅಮ್ಮಾ, ಗೌಡ್ರು ಇದ್ರಾಗೆ ಹಿಡಿಯಾಕಿಲ್ಲ. ಒಸಿ ಯೋಚ್ನೆ ಮಾಡಿ."

"ನಿಂಗ್ಯಾಕಪ್ಪ ಇಲ್ದಿರೋ ಉಸಾಬರಿ? ಓಡ್ಸಕ್ಕೆ ಕರ್ಕಂಬಂದಿವ್ನಿ, ಓಡ್ಸು," ಎಂದಳು. ಅವಳ ಕಣ್ಣಿಗೆ ಆಗ ಗಂಡನೂ ಕಾಣುತ್ತಿರಲಿಲ್ಲ, ಮಕ್ಕಳೂ ಕಾಣುತ್ತಿರಲಿಲ್ಲ. ತವರಿನ ಬೀದಿಯಲ್ಲಿ ಬಾಯಿ ಬಿಟ್ಟು ನಿಂತ ವೆಂಕಟಲಕ್ಷ್ಮಿಯ ಮುಖ ಒಂದೇ ಕಾಣುತ್ತಿತ್ತು.

ಕಾರು ಮನೆ ಮುಂದೆ ಬಂದು ನಿಂತಿತು. ಕೈ ತೊಳೆದುಕೊಂಡು ಹೊರಗೆ ಬಂದ ಮನೆಯವರು ಸುತ್ತ ನಿಂತು ಅದನ್ನು ಮೇಲಿನಿಂದ ನೋಡಿದರು. ದೊಡ್ಡವನು ಕೂತ, ಮಂಡಿ ಗಲ್ಲಕ್ಕೆ ಬಂತು. ಚಿಕ್ಕವನು ಕತ್ತು ಸೊಟ್ಟಗೆ ಮಾಡಿಕೊಂಡು ಕೂತು, ಹಾಗೇ ಇಳಿದ. ದಾಸಮ್ಮ ಒಂದು ಕಾಲು ಒಳಗಿಟ್ಟು, ಉಳಿದದ್ದನ್ನು ಒಳಗೆ ತರುವುದು ಹೇಗೆಂದು ತಿಳಿಯದೆ, ಇಟ್ಟ ಕಾಲನ್ನೂ ಹೊರಗೆ ತೆಗೆದಳು.

"ಕೆಂಚಿ, ನಿನ್ ಅಳ್ತೆಗೆ ರವಿಕೆ ಹೊಲಿಸ್ಕಂಡಂಗೆ ಹೊಲಿಸ್ಕಂಬಂದಿದ್ದೀಯ ಕಣವ್ವ," ಎಂದಳು. ಮಕ್ಕಳು ನಕ್ಕರು.

ಕೆಂಚಮ್ಮ ಗಂಡನ ಮುಖ ನೋಡಿದಳು. ಬೈದರೆ ಎದುರು ವಾದಿಸಲು ಮಾತು ಕೂಡಿಸಿಟ್ಟುಕೊಂಡಿದ್ದಳು. ಬೋರಲಿಂಗಯ್ಯ ಕಾರಿನ ಸುತ್ತ ಒಂದು ಸುತ್ತು ಬಂದು, "ಬಣ್ಣ ಚೆಂದಾಗೈತೆ," ಎಂದು ಹೇಳಿ ಮತ್ತೆ ಹುಳುಮನೆಗೆ ಹೋದ.

ಗೃಹಪ್ರವೇಶದ ದಿನ ಅತ್ತೆ, ಮಕ್ಕಳು ಬಸ್ಸಿಗೆ ಹೊರಟರು. "ಬಸ್ಸಲ್ಲಿ ನಿಂತ್ರೂ ನೆಟ್ಟಗೆ ನಿಂತ್ಕಬೋದು," ಎಂದಳು ದಾಸಮ್ಮ. ಬೋರಲಿಂಗಯ್ಯ ಮಾತ್ರ, ಹೆಂಡತಿ ಒಬ್ಬಳೇ ತವರಿಗೆ ಹೋದರೆ ಚೆನ್ನಾಗಿರುವುದಿಲ್ಲವೆಂದು, ಇದ್ರೀಸನ ಪಕ್ಕದ ಸೀಟಿನಲ್ಲಿ ತನ್ನನ್ನು ಮಡಚಿ ಇಟ್ಟುಕೊಂಡ. ರುಮಾಲು ಬಿಚ್ಚಿ ತೊಡೆಯ ಮೇಲಿಟ್ಟುಕೊಂಡರೂ ತಲೆ ನೇರವಾಗಲಿಲ್ಲ. ರಸ್ತೆಯ ಗುಂಡಿಗೊಮ್ಮೆ ಟಾಪಿಗೆ ತಲೆ ಬಡಿಯುತ್ತಿತ್ತು. ರಾಮನಗರ ದಾಟುವ ಹೊತ್ತಿಗೆ ಅವನ ಕತ್ತಿನ ನರ ಉಬ್ಬಿದ್ದು ಹಿಂದೆ ಕೂತ ಕೆಂಚಮ್ಮನಿಗೆ ಕಂಡಿತು. ಪಾಪ ಅನ್ನಿಸಿತು. ಅನ್ನಿಸಿದರೂ, "ಇದ್ರೀಸಪ್ಪ, ಒಸಿ ಜೋರಾಗಿ ಹೊಡಿ, ಅವ್ಳು ಬಂದ್ಬುಡ್ತಾಳೆ," ಎಂದಳು. ಹೊಟ್ಟೆಕಿಚ್ಚು ಕರುಣೆಗೆ ದಾರಿ ಬಿಟ್ಟುಕೊಡುವುದು ಅಷ್ಟು ಸುಲಭವಲ್ಲ.

ದೊಡ್ಡಮಳೂರಿನ ಬೀದಿಯಲ್ಲಿ ಕಾರು ನಿಂತಿತು. ಕೆಂಚಮ್ಮ ಹಾರಿ ಇಳಿದಳು. ಅವ್ವ ಆರತಿ ತಟ್ಟೆ ಹಿಡಿದು ಬಂದಳು, ನೆಂಟರು ಬಂದರು. ಬೋರಲಿಂಗಯ್ಯ ಇನ್ನೂ ಮೊದಲ ಕಾಲು ಹೊರಗಿಡುತ್ತಿದ್ದ. ಅಷ್ಟರಲ್ಲಿ ಹಿಂದೆ ಹಾರ್ನ್ ಸದ್ದಾಯಿತು. ಅದೇ ಬಿಳಿ, ಅದೇ ಸಣ್ಣ ಕಾರು. ಮುಂದೆ ತಂಗಿಯ ಗಂಡ ರಾಮಲಿಂಗಯ್ಯ ಮತ್ತು ಅವನ ಗೆಳೆಯ. ಹಿಂದೆ ಒಬ್ಬಟ್ಟಿನ ಬೇಳೆಯ ಚೀಲ, ತೆಂಗಿನಕಾಯಿ, ಬಾಳೆಎಲೆ ಕಟ್ಟು, ಅವುಗಳ ನಡುವೆ ವೆಂಕಟಲಕ್ಷ್ಮಮ್ಮ.

ತಂಗಿ ಇಳಿದು ಬಾಗಿಲು ಹಾಕಿದಳು. "ಲೇ, ಎಷ್ಟ್ ಸಲ ಹೇಳದು ನಿಂಗೆ ಮೆತ್ತಗೆ ಹಾಕು ಅಂತ. ನಿಮ್ಮಪ್ಪ ಕೊಡ್ಸಿದ್ನೇನೆ ಕಾರ?" ಎಂದ ರಾಮಲಿಂಗಯ್ಯ. ನೆಂಟರೆಲ್ಲ ಕೇಳಿಸಿಕೊಂಡರು. ವೆಂಕಟಲಕ್ಷ್ಮಮ್ಮ ತಲೆ ತಗ್ಗಿಸಿ ಸೆರಗು ಸರಿಮಾಡಿಕೊಂಡಳು. ಹೀಗೆ ಕೇಳಿಸಿಕೊಂಡು ರೂಢಿಯಾದವಳೆಂದು ಕೆಂಚಮ್ಮನಿಗೆ ಗೊತ್ತಾಯಿತು. ಯುಗಾದಿಯ ದಿನ ತಾನು ಕಾರು ನೋಡಿದ್ದಳೇ ಹೊರತು ಅದರಿಂದ ಇಳಿದವಳ ಮುಖ ನೋಡಿರಲಿಲ್ಲ.

ರಾಮಲಿಂಗಯ್ಯನ ಕಣ್ಣು ಈಗ ಸೊಂಟ ಹಿಡಿದುಕೊಂಡು ನೆಟ್ಟಗಾಗುತ್ತಿದ್ದ ಬೋರಲಿಂಗಯ್ಯನ ಮೇಲೆ ಬಿತ್ತು. ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. "ಏನಣ್ಣೋ, ಕೋಳಿ ಮಂಕ್ರಿ ಒಳಗೆ ಒಂಟೆ ಕುಂತಂಗೆ ಕುಂತಿದ್ದೆ. ಯಾವ ಬುದ್ವಂತರು ಆರ್ಸಿದ್ದು ಇದ್ನ?"

ನೆಂಟರೂ ನಕ್ಕರು. ಕೆಂಚಮ್ಮ ಗಂಡನ ಬಾಯಿಯನ್ನೇ ನೋಡಿದಳು. ಆರಿಸಿದ್ದು ಯಾರೆಂದು ಗಂಡ ಒಂದು ಮಾತು ಅಂದರೆ ಸಾಕಿತ್ತು, ತವರಿನ ಬೀದಿಯಲ್ಲೇ ಅವಳ ಮಾನ ಹೋಗುತ್ತಿತ್ತು.

"ನಾನೇ ಕಣಪ್ಪ," ಎಂದ ಬೋರಲಿಂಗಯ್ಯ, ಕತ್ತು ನೀವಿಕೊಳ್ಳುತ್ತಾ. "ಅವ್ಳು ವ್ಯಾನ್ ತಗಳಾನ ಅಂತ ಬಡ್ಕಂಡ್ಲು. ನಾನೇ ಹಟ ಹಿಡ್ದು ಇದ್ನ ತಂದೆ. ಹೆಂಗುಸ್ರ ಮಾತು ಕೇಳ್ಬೇಕಿತ್ತು."

ನಗು ಇನ್ನೂ ಜೋರಾಯಿತು. ಅವನೂ ನಕ್ಕು, ತಲೆ ಬಗ್ಗಿಸಿ, ಹೊಸ ಮನೆಯ ಬಾಗಿಲು ದಾಟಿ ಒಳಗೆ ಹೋದ.

ವೆಂಕಟಲಕ್ಷ್ಮಮ್ಮ ಮಾತ್ರ ನಗಲಿಲ್ಲ. ಅವಳು ಅಕ್ಕನ ಕಾರನ್ನು ನೋಡಲೂ ಇಲ್ಲ. ಬೋರಲಿಂಗಯ್ಯ ಹೋದ ಬಾಗಿಲನ್ನೇ ನೋಡುತ್ತಾ ನಿಂತಿದ್ದಳು. ಆ ನೋಟದ ಅರ್ಥವನ್ನು ಕೆಂಚಮ್ಮ ಬೇರೆ ಯಾರಿಂದಲೂ ಕೇಳಿ ತಿಳಿಯಬೇಕಾಗಿರಲಿಲ್ಲ, ಯುಗಾದಿಯ ದಿನ ತಂಗಿಯ ಕಾರನ್ನು ತಾನೂ ಹಾಗೇ ನೋಡಿದ್ದಳು. ಬೇಡಿಕೊಂಡದ್ದು ಕೈಗೆ ಬಂದಿತ್ತು. ಬಂದದ್ದನ್ನು ಏನು ಮಾಡಬೇಕೆಂದು ಅವಳಿಗೆ ತಿಳಿಯಲಿಲ್ಲ.

"ಅಕ್ಕ, ನೀನು ಪುಣ್ಯ ಮಾಡಿದ್ದೆ ಕಣಕ್ಕ," ಎಂದಳು ತಂಗಿ ಮೆಲ್ಲಗೆ.

"ವೆಂಕ್ಟಲಕ್ಷ್ಮಿ, ಆ ಕಾರ ಆರ್ಸಿದ್ದು ಅವ್ರಲ್ಲ ಕಣೆ. ನಾನು."

"ಗೊತ್ತು ಕಣಕ್ಕ," ಎಂದಳು ವೆಂಕಟಲಕ್ಷ್ಮಮ್ಮ. "ಅದ್ಕೇ ಅಂದಿದ್ದು."